ಅಮೆರಿಕದ ಸೋಷಿಯಾಲಜಿ ಪಿಎಚ್‌ಡಿ ಅಡ್ಮಿಷನ್, ಅಪ್ಲೈ ಮಾಡಿದ ಮೇಲಿನ ಕಾಯೋ ತಿಂಗಳುಗಳು: 5ಕ್ಕೆ 3 ಸ್ಟಾರ್

ಅಡ್ಮಿಷನ್‌ಗೆಲ್ಲಾ ರಿವ್ಯೂ ಬರೀತಾರಾ ಅಂತ ಕೇಳ್ಬೇಡಿ, ದುಡ್ಡು ಕಟ್ಟಿದೀವಿ ಅಂದ್ಮೇಲೆ ಅದೂ ಒಂದು ಸರ್ವಿಸ್ಸೇ. ಒಂದೊಂದು ಯೂನಿವರ್ಸಿಟಿ ಅಪ್ಲಿಕೇಶನ್ ಫೀ ಅಂತ ಹೆಚ್ಚುಕಮ್ಮಿ 75ರಿಂದ 125 ಡಾಲರ್ ಇಸ್ಕೊಳತ್ತೆ, ವಾಪಸ್ ಅಂತೂ ಬರಲ್ಲ, ಅದಾದ್ಮೇಲೆ ಎರಡು ಮೂರು ತಿಂಗಳು ಒಂದು ಮಾತೂ ಆಡಲ್ಲ. ಎಂಎಸ್ ಮಾಡೋಕೆ ಹೋಗೋ ಇಂಜಿನಿಯರಿಂಗ್ ಹುಡುಗ್ರಿಗೆ ಕನ್ನಡದಲ್ಲಿ ಬೇಕಾದಷ್ಟು ವಿಡಿಯೋ ಇದೆ, ಸಮಾಜಶಾಸ್ತ್ರ ಓದ್ಕೊಂಡು ಅಪ್ಲೈ ಮಾಡೋರಿಗೆ ನಾನು ಹುಡುಕಿದಾಗ ಏನೂ ಸಿಗ್ಲಿಲ್ಲ, ಅದಕ್ಕೆ ಉದ್ದಕ್ಕೆ ಬರೀತಿದೀನಿ, ಟೈಮ್ ಇದ್ದಾಗ ಓದಿ.

ನಾನು ತುಮಕೂರು ಕಡೆಯವಳು. ಬಿಎ, ಎಂಎ ಎರಡೂ ಇಲ್ಲೇ ಕರ್ನಾಟಕದಲ್ಲೇ ಮಾಡಿದ್ದು, ಡಿಗ್ರಿವರೆಗೂ ಕನ್ನಡ ಮೀಡಿಯಮ್. ಅಪ್ಲೈ ಮಾಡಿದ ಟೈಮಲ್ಲಿ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ. ನನ್ನ ವಿಷಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, 2016ರ ಏಪ್ರಿಲ್‌ನಲ್ಲಿ ಪಿಎಫ್ ರೂಲ್ ಬದಲಾಯಿಸ್ತಾರೆ ಅಂತ ಗೊತ್ತಾದಾಗ ಬೆಂಗಳೂರಲ್ಲಿ ಸಾವಿರಾರು ಜನ ಹೆಂಗಸರು ಫ್ಯಾಕ್ಟರಿ ಬಿಟ್ಟು ರೋಡಿಗಿಳಿದ್ರಲ್ಲ, ಕೇಂದ್ರ ಸರ್ಕಾರ ಆ ರೂಲನ್ನೇ ವಾಪಸ್ ತಗೊಂಡಿತ್ತಲ್ಲ, ಅಲ್ಲಿಂದ ಶುರುವಾಗಿದ್ದು ನನ್ನ ಪ್ರಶ್ನೆ. ದೊಡ್ಡ ಲೀಡರ್ ಯಾರೂ ಮುಂದೆ ನಿಲ್ದೇ ಅಷ್ಟು ಜನ ಹೇಗೆ ಒಟ್ಟಾದ್ರು, ಹಳ್ಳಿಯಿಂದ ಒಂದೇ ವ್ಯಾನಲ್ಲಿ ದಿನಾ ಓಡಾಡೋದಕ್ಕೂ ಅದಕ್ಕೂ ಏನು ಸಂಬಂಧ, ಇದನ್ನ ಐದಾರು ವರ್ಷ ಕೂತು ಓದೋಕೆ ಸಂಬಳ ಕೊಡೋ ಜಾಗ ಬೇಕಿತ್ತು ನಂಗೆ. ಅಮೆರಿಕದ ಪಿಎಚ್‌ಡಿ ಆ ಥರದ್ದು, ಒಳ್ಳೆ ಡಿಪಾರ್ಟ್‌ಮೆಂಟಲ್ಲಿ ಸೀಟು ಸಿಕ್ಕಿದ್ರೆ ಟ್ಯೂಷನ್ ಫೀ ಮಾಫಿ, ತಿಂಗಳಿಗೆ ಸ್ಟೈಪೆಂಡ್, ಹೆಲ್ತ್ ಇನ್ಶೂರೆನ್ಸ್, ಸಾಮಾನ್ಯವಾಗಿ ಐದು ವರ್ಷಕ್ಕೆ ಬರವಣಿಗೆಯಲ್ಲೇ ಕೊಡ್ತಾರೆ, ಬದಲಿಗೆ ಕೆಲವು ಸೆಮಿಸ್ಟರ್ ಅವರ ಬಿಎ ಮಕ್ಕಳಿಗೆ ಟೀಚಿಂಗ್ ಅಸಿಸ್ಟೆಂಟ್ ಆಗಿ ಕೆಲಸ ಮಾಡ್ಬೇಕು. 3 ಸ್ಟಾರಲ್ಲಿ ಎರಡು ಇದಕ್ಕೇ. ಅಪ್ಪನ ಹತ್ರ ದುಡ್ಡು ಕೇಳ್ದೆ, ಸಾಲ ಮಾಡ್ದೆ ಓದೋ ದಾರಿ ಒಂದಿದೆ ಅನ್ನೋದು ನಮ್ಮಂಥ ಮನೆಯೋರಿಗೆ ಸಣ್ಣ ವಿಷಯ ಅಲ್ಲ.

ಈಗ ಖರ್ಚು. 100 ಡಾಲರ್ ಅಂದ್ರೆ ಕೈಯಿಂದ ಹೆಚ್ಚುಕಮ್ಮಿ ಒಂಬತ್ತು ಸಾವಿರ ಹೋಗತ್ತೆ, ಕಾರ್ಡಲ್ಲಿ ಕಟ್ಟಿದ್ರೆ ಬ್ಯಾಂಕ್‌ನೋರು ಫಾರೆಕ್ಸ್ ಮಾರ್ಕಪ್ ಅಂತ ಸಾಮಾನ್ಯವಾಗಿ ನೂರಕ್ಕೆ ಮೂರು ಮೂರೂವರೆ ಸೇರಿಸ್ತಾರೆ, ಆ ಮಾರ್ಕಪ್ ಮೇಲೆ ಜಿಎಸ್‌ಟಿ ಬೇರೆ. ಹೊಸ ಡೆಬಿಟ್ ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆಫ್ ಆಗಿರತ್ತೆ, 2020ರಿಂದ ಆರ್‌ಬಿಐ ರೂಲ್ ಅದು, ಆ್ಯಪಲ್ಲಿ ಹೋಗಿ ಆನ್ ಮಾಡ್ಕೋಬೇಕು, ಇದನ್ನ ಡೆಡ್‌ಲೈನ್ ದಿನ ಮಾಡೋಕೆ ಹೋಗ್ಬೇಡಿ. ಫೀ ವೇವರ್, ಅಂದ್ರೆ ಫೀ ಮಾಫಿ, ಅದರ ಪೇಜ್ ನೋಡಿದ್ರೆ ಎಷ್ಟೋ ಕಡೆ ಅಮೆರಿಕನ್ ಸಿಟಿಜನ್ ಮತ್ತೆ ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ ಅಂತಾನೇ ಇರತ್ತೆ, ಆದ್ರೂ ಡಿಪಾರ್ಟ್‌ಮೆಂಟ್‌ಗೆ ಮೇಲ್ ಹಾಕಿ ಕೇಳಿ, ಕೇಳೋದ್ರಲ್ಲಿ ನಷ್ಟ ಏನಿಲ್ಲ, ನಂಗೆ ಒಂದು ಕಡೆ ಹಾಗೇ ಸಿಕ್ತು. ಜಿಆರ್‌ಇ ಅನ್ನೋ ಎಂಟ್ರೆನ್ಸ್ ಟೆಸ್ಟನ್ನ ಕೊರೋನಾ ಆದ್ಮೇಲೆ ತುಂಬಾ ಸೋಷಿಯಾಲಜಿ ಡಿಪಾರ್ಟ್‌ಮೆಂಟ್‌ಗಳು ಕೈಬಿಟ್ಟಿವೆ, ಅಲ್ಲಿಗೆ ಇಪ್ಪತ್ತು ಸಾವಿರದ ಮೇಲೆ ಉಳೀತು, ಆದ್ರೆ ಎಲ್ಲಾ ಕಡೆ ಬಿಟ್ಟಿಲ್ಲ, ಒಂದೊಂದೇ ಪೇಜ್ ತೆಗೆದು ನೋಡ್ಕೋಬೇಕು. ಇಂಗ್ಲಿಷ್ ಟೆಸ್ಟ್ ಮಾತ್ರ ನಮ್ಮಲ್ಲಿ ಹೆಚ್ಚಿನೋರಿಗೆ ತಪ್ಪಲ್ಲ, ಟೋಫೆಲ್ ಸ್ಕೋರ್ ಎರಡು ವರ್ಷ ನಡೆಯತ್ತೆ.

ಡೆಡ್‌ಲೈನ್ ಸಾಮಾನ್ಯವಾಗಿ ಡಿಸೆಂಬರ್ 1ರಿಂದ 15ರ ಒಳಗೆ. ಸಬ್ಮಿಟ್ ಒತ್ತಿದ ಮೇಲೆ ಒಂದು ಪೋರ್ಟಲ್ ಲಾಗಿನ್ ಬರತ್ತೆ, ತುಂಬಾ ಯೂನಿವರ್ಸಿಟಿಗಳು ಸ್ಲೇಟ್ ಅನ್ನೋ ಒಂದೇ ಸಾಫ್ಟ್‌ವೇರ್ ಇಟ್ಕೊಂಡಿರೋದ್ರಿಂದ ಬಣ್ಣ ಲೋಗೋ ಬಿಟ್ರೆ ಎಲ್ಲಾ ಒಂದೇ ಥರ ಕಾಣ್ಸತ್ತೆ. ಒಂದು ಚೆಕ್‌ಲಿಸ್ಟ್ ಇರತ್ತೆ, ಮಾರ್ಕ್ಸ್ ಕಾರ್ಡ್ ಬಂತು, ಟೋಫೆಲ್ ಬಂತು, ರೆಕಮೆಂಡೇಶನ್ ಲೆಟರ್ (ನಮ್ಮ ಬಗ್ಗೆ ಮೇಷ್ಟ್ರು ಬರೆಯೋ ಪತ್ರ) ಮೂರರಲ್ಲಿ ಎರಡು ಬಂತು ಅಂತ. ಈ ಭಾಗಕ್ಕೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ, ನಿಜವಾಗ್ಲೂ ಚೆನ್ನಾಗಿ ಮಾಡಿದಾರೆ, ಏನು ಬಾಕಿ ಇದೆ ಅಂತ ಕಣ್ಣಿಗೆ ಕಾಣತ್ತೆ, ಯಾರ ಟೇಬಲ್ ಮುಂದೆನೂ ಹೋಗಿ ನಿಲ್ಬೇಕಾಗಿಲ್ಲ. ಅದೇ ನಾನು ಓದಿದ ಯೂನಿವರ್ಸಿಟಿಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತಗೊಳೋಕೆ ಪರೀಕ್ಷಾ ವಿಭಾಗದಲ್ಲಿ ಚಲನ್ ಒಂದು ಕೌಂಟರ್, ಅರ್ಜಿ ಇನ್ನೊಂದು ಕೌಂಟರ್, ಸಹಿ ಮಾಡೋ ಸರ್ ಇವತ್ತು ರಜಾ ನಾಳೆ ಬನ್ನಿ, ಹೀಗೆ ಸುತ್ತಾಡ್ಸಿದ್ರು. ನಿಮಗೆ ಒಂದು ಸಮಾಧಾನ ಏನಂದ್ರೆ ಅಪ್ಲೈ ಮಾಡುವಾಗ ಹೆಚ್ಚಿನ ಕಡೆ ಸ್ಕ್ಯಾನ್ ಕಾಪಿ ಸಾಕು, ಸೀಲ್ ಮಾಡಿದ ಕವರ್ ಸೀಟು ಸಿಕ್ಕಿದ ಮೇಲೇನೇ ಕೇಳೋದು.

ರೆಕಮೆಂಡೇಶನ್ ಲೆಟರ್ ವಿಷಯದಲ್ಲಿ ಮಾತ್ರ ನಮ್ಮ ಮೇಷ್ಟ್ರುಗಳನ್ನ ಅಮೆರಿಕದೋರು ಅರ್ಥ ಮಾಡ್ಕೊಂಡೇ ಇಲ್ಲ. ಲೆಟರ್ ಬರೆಯೋರಿಗೆ ಯೂನಿವರ್ಸಿಟಿಯ ಆಫೀಶಿಯಲ್ ಇಮೇಲ್ ಇರ್ಬೇಕು ಅಂತ ಫಾರ್ಮಲ್ಲೇ ಬರೆದಿರ್ತಾರೆ, ನಮ್ಮ ಡಿಗ್ರಿ ಕಾಲೇಜಿನ ಎಷ್ಟು ಜನ ಮೇಷ್ಟ್ರ ಹತ್ರ ಜಿಮೇಲ್ ಬಿಟ್ಟು ಬೇರೆ ಇದೆ ಹೇಳಿ? ನಮ್ಮ ಮೇಡಮ್ಮು ಮೂವತ್ತು ವರ್ಷ ಪಾಠ ಮಾಡಿದೋರು, ಅವರಿಗೆ ನಾನು ಮೊದ್ಲೇ ಹೇಳಿ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿ, ಸೀಲ್ ಹಾಕ್ಸಿ ಸ್ಕ್ಯಾನ್ ಮಾಡ್ಸಿದೆ, ಜೊತೆಗೆ ಡಿಪಾರ್ಟ್‌ಮೆಂಟಿಗೂ ಒಂದು ಮೇಲ್ ಹಾಕಿ ಇವರ ಕಾಲೇಜಲ್ಲಿ ಆಫೀಶಿಯಲ್ ಮೇಲ್ ಇಲ್ಲ ಅಂತ ತಿಳಿಸ್ದೆ, ಎಲ್ಲಾ ಕಡೆ ಒಪ್ಪಿದ್ರು. ಮೇಡಮ್ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಏನಮ್ಮ, ಇಲ್ಲಿ ನಿನ್ನನ್ನ ನೂರು ಜನದಲ್ಲಿ ಎಷ್ಟನೇ ಜಾಗಕ್ಕೆ ಹಾಕ್ಲಿ ಅಂತ ಕೇಳ್ತಿದೆ, ನಾನು ಹಾಗೆಲ್ಲಾ ಮಕ್ಕಳನ್ನ ತೂಕ ಹಾಕಿದೋಳಲ್ಲ" ಅಂದ್ರು. ಆ ಮಾತು ನಂಗೆ ಈಗ್ಲೂ ಸರಿ ಅನ್ಸತ್ತೆ.

ಇನ್ನು ಕಾಯೋದು. ಇಲ್ಲೇ ನನ್ನ ಎರಡು ಸ್ಟಾರ್ ಹೋಗಿದ್ದು.

ಒಳಗೆ ಏನು ನಡೆಯತ್ತೆ ಅನ್ನೋದು ಗೊತ್ತಿದ್ರೆ ಕಾಯೋದು ಸ್ವಲ್ಪ ಸುಲಭ ಆಗತ್ತೆ. ಸೈನ್ಸ್ ಕಡೆ ಎಷ್ಟೋ ಸಲ ಒಬ್ಬ ಪ್ರೊಫೆಸರ್ ತನ್ನ ರಿಸರ್ಚ್ ಗ್ರಾಂಟ್ ದುಡ್ಡಲ್ಲಿ, ತನ್ನ ಲ್ಯಾಬಿಗೆ ಸ್ಟೂಡೆಂಟ್ ತಗೋತಾರೆ, ಸೋಷಿಯಾಲಜಿಯಲ್ಲಿ ಹಾಗಿಲ್ಲ, ಡಿಪಾರ್ಟ್‌ಮೆಂಟಿನ ನಾಲ್ಕೈದು ಜನರ ಕಮಿಟಿ ಎಲ್ಲರ ಫೈಲ್ ಓದಿ ಆರಿಸೋದು. ಹಾಗಾಗಿ ಯಾವ್ದೋ ಪ್ರೊಫೆಸರ್ ನಿಮ್ಮ ಮೇಲಿಗೆ "ಚೆನ್ನಾಗಿದೆ, ಅಪ್ಲೈ ಮಾಡಿ" ಅಂತ ರಿಪ್ಲೈ ಮಾಡಿದ್ರೆ ಅದನ್ನೇ ಸೀಟು ಅಂದ್ಕೋಬೇಡಿ. ಹೆಸರಿರೋ ಡಿಪಾರ್ಟ್‌ಮೆಂಟ್‌ಗೆ ನೂರಾರು ಅರ್ಜಿ ಬರತ್ತೆ, ಕೊನೆಗೆ ಸೇರೋರು ಹತ್ತು ಹದಿನೈದು ಜನ, ಚಿಕ್ಕ ಕಡೆ ಐದಾರು. ಕಮಿಟಿ ಜನವರಿಯಲ್ಲಿ ಓದತ್ತೆ, ಜನವರಿ ಕೊನೆ ಫೆಬ್ರವರಿ ಹೊತ್ತಿಗೆ ಮೊದಲ ಸುತ್ತಿನ ಆಫರ್ ಹೋಗತ್ತೆ, ಎಷ್ಟೋ ಕಡೆ ಪ್ರೊಫೆಸರ್‌ರೇ ಮೇಲ್ ಹಾಕಿ ಹೇಳ್ತಾರೆ, ಆಮೇಲೆ ಗ್ರಾಜುಯೇಟ್ ಸ್ಕೂಲಿಂದ ಆಫೀಶಿಯಲ್ ಲೆಟರ್. ಕೆಲವು ಕಡೆ ಮಧ್ಯೆ ಒಂದು ವಿಡಿಯೋ ಇಂಟರ್‌ವ್ಯೂ, ಎಷ್ಟೋ ಕಡೆ ಅದೂ ಇಲ್ಲ. ಮಾರ್ಚಲ್ಲಿ ಆಯ್ಕೆ ಆದೋರನ್ನ ಕರೆಸಿ ಊರು ಕ್ಯಾಂಪಸ್ ತೋರಿಸ್ತಾರೆ. ರಿಜೆಕ್ಷನ್ ಬರೋದು ಎಲ್ಲಕ್ಕಿಂತ ಕೊನೆಗೆ.

ನನ್ನ ತಕರಾರು ಇಷ್ಟೇ. ಫೆಬ್ರವರಿ ಮಧ್ಯಕ್ಕೆ ಕಮಿಟಿಗೆ ಹೆಚ್ಚುಕಮ್ಮಿ ಎಲ್ಲಾ ಗೊತ್ತಿರತ್ತೆ. ಮೊದಲ ಪಟ್ಟಿ ಯಾರು, ವೇಟ್‌ಲಿಸ್ಟ್ (ಯಾರಾದ್ರೂ ಬಿಟ್ರೆ ಕರೆಯೋ ಪಟ್ಟಿ) ಯಾರು, ಯಾರನ್ನ ತಗೊಳೋದೇ ಇಲ್ಲ. ಕೊನೆಯೋರಿಗೆ ಆವತ್ತೇ ಹೇಳೋಕೆ ಏನು ಅಡ್ಡಿ? ಆಫರ್ ಸಿಕ್ಕಿದೋರು ಬರಲ್ಲ ಅಂದ್ರೆ ಬೇರೆಯೋರನ್ನ ಕರೀಬೇಕಲ್ಲ ಅಂತಾರೆ, ಸರಿ, ಆ ಎರಡನೇ ಪಟ್ಟಿಯೋರನ್ನ ಕಾಯ್ಸಿ, ನೀವು ವೇಟ್‌ಲಿಸ್ಟಲ್ಲಿ ಇದೀರ ಅಂತ ಹೇಳಿ ಕಾಯ್ಸಿ. ಪಟ್ಟಿಯಲ್ಲೇ ಇಲ್ದಿರೋ ನೂರಾರು ಜನ್ರನ್ನ ಮಾರ್ಚ್ ಕೊನೆವರೆಗೂ 'ಅಂಡರ್ ರಿವ್ಯೂ' ಅಂತ ಇಡೋದು ಯಾಕೆ. ಗೆಸ್ಟ್ ಲೆಕ್ಚರರ್ ಕೆಲಸ ಹೇಗಿರತ್ತೆ ಅಂತ ಗೊತ್ತಿರೋರಿಗೆ ಇದು ಅರ್ಥ ಆಗತ್ತೆ, ನಮ್ಮದು ಸೆಮಿಸ್ಟರ್ ಲೆಕ್ಕ, ಪಾಠ ಇದ್ದ ತಿಂಗಳು ಗೌರವಧನ, ರಜೆಯಲ್ಲಿ ಏನೂ ಇಲ್ಲ. ಪ್ರಿನ್ಸಿಪಾಲ್ರು ಕರೆದು ಮುಂದಿನ ಸೆಮಿಸ್ಟರ್ ಇರ್ತೀಯೇನಮ್ಮ, ವರ್ಕ್‌ಲೋಡ್ ಹಂಚ್ಬೇಕು ಅಂತ ಕೇಳ್ತಾರೆ, ಇರ್ತೀನಿ ಅಂದು ಮಧ್ಯದಲ್ಲಿ ಬಿಟ್ರೆ ಆ ಮಕ್ಕಳಿಗೆ ಅನ್ಯಾಯ, ಇರಲ್ಲ ಅಂದು ಸೀಟು ಸಿಗ್ಲಿಲ್ಲ ಅಂದ್ರೆ ಮನೆ ನಡೆಯೋದು ಹೇಗೆ. ಲೆಕ್ಚರರ್ ಅರ್ಹತೆಯ ನೆಟ್ ಪರೀಕ್ಷೆ ಫಾರ್ಮ್ ತುಂಬ್ಬೇಕಾ ಬೇಡ್ವಾ, ರೂಮ್ ಅಡ್ವಾನ್ಸ್ ವಾಪಸ್ ಕೇಳ್ಬೇಕಾ, ತಂಗಿ ಮದುವೆ ಮಾತುಕತೆಗೆ ನಾನು ಊರಲ್ಲಿ ಇರ್ತೀನಾ, ಎಲ್ಲಾ ಒಂದು ತಾರೀಖಿನ ಮೇಲೆ ನಿಂತಿರತ್ತೆ, ಆ ತಾರೀಖು ಅವರ ಹತ್ರ ಇರತ್ತೆ, ಹೇಳಲ್ಲ. ಜನರ ಬದುಕಿನ ಮೇಲೆ ಸಂಸ್ಥೆಗಳು ಏನು ಮಾಡತ್ತೆ ಅಂತ ಓದೋ ಶಾಸ್ತ್ರ ನಮ್ಮದು, ಆ ಡಿಪಾರ್ಟ್‌ಮೆಂಟೇ ಹೀಗೆ ಮಾಡಿದಾಗ ಜಾಸ್ತಿ ನೋವಾಗತ್ತೆ.

ಟೈಮ್ ಬಗ್ಗೆ ಹೇಳ್ಬೇಕು. ನ್ಯೂಯಾರ್ಕ್ ಬಾಸ್ಟನ್ ಕಡೆ ಬೆಳಿಗ್ಗೆ 9 ಅಂದ್ರೆ ಚಳಿಗಾಲದಲ್ಲಿ ನಮಗೆ ಸಂಜೆ 7:30, ಅವರ ಆಫೀಸ್ ಮುಚ್ಚೋ 5 ಗಂಟೆ ನಮಗೆ ಬೆಳಗಿನ ಜಾವ 3:30. ಕ್ಯಾಲಿಫೋರ್ನಿಯಾ ಆದ್ರೆ ರಾತ್ರಿ 10:30ಕ್ಕೆ ಶುರು, ನಮ್ಮ ಬೆಳಿಗ್ಗೆ 6:30ಕ್ಕೆ ಮುಗಿಯೋದು. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಮುಂದೆ ಮಾಡ್ಕೋತಾರೆ, ಆಮೇಲೆ ಎಲ್ಲಾ ಒಂದು ಗಂಟೆ ಬೇಗ. ಅಂದ್ರೆ ಮೇಲ್ ಬಂದ್ರೆ ನಾವು ಊಟ ಮಾಡಿ ಮಲಗೋ ಹೊತ್ತಿಗೇ ಬರ್ಬೇಕು, ಹಗಲು ಹೊತ್ತು ಪೋರ್ಟಲ್ ತೆಗೆದು ನೋಡೋದ್ರಿಂದ ಏನೂ ಆಗಲ್ಲ, ನಾನು ಇದನ್ನ ಲೆಕ್ಕ ಹಾಕಿ ಹಾಳೆಯಲ್ಲಿ ಬರ್ಕೊಂಡ ಮೇಲೆ ಕ್ಲಾಸಲ್ಲಿ ನೆಮ್ಮದಿಯಾಗಿ ಪಾಠ ಮಾಡೋಕಾಯ್ತು. ಶನಿವಾರ ರಾತ್ರಿ, ಭಾನುವಾರ ರಾತ್ರಿ ಅವರಿಗೆ ರಜೆ, ಆ ಎರಡು ರಾತ್ರಿ ಫೋನ್ ಬೇರೆ ರೂಮಲ್ಲಿಟ್ಟು ಮಲಗಿ.

ಮನೆಯಲ್ಲಿ ಅಪ್ಪ ಪ್ರತಿ ವಾರ "ಬಂತೇನವ್ವ?" ಅಂತಿದ್ರು, ಇಲ್ಲ ಅಪ್ಪ ಅಂದ್ರೆ "ಸೀಟಿಲ್ಲ ಅಂತಾನಾದ್ರೂ ಹೇಳಿದ್ರಾ?" ಅಂತ ಮುಂದಿನ ಪ್ರಶ್ನೆ. ನಮ್ಮಪ್ಪ ತೆಂಗಿನಕಾಯಿ ವ್ಯಾಪಾರದವರು, ಟೆಂಡರ್ ಹಾಕಿದ್ರೆ ಕೊಬ್ಬರಿ ರೇಟು ಅದೇ ದಿನ ಗೊತ್ತಾಗತ್ತೆ ತಿಪಟೂರಲ್ಲಿ, ಅವರಿಗೆ ಇದು ಯಾವ ಥರ ವ್ಯವಹಾರ ಅಂತಾನೇ ಅರ್ಥ ಆಗ್ಲಿಲ್ಲ, ನಂಗೂ ಅವರಿಗೆ ಹೇಳೋಕೆ ಒಳ್ಳೆ ಉತ್ತರ ಇರ್ಲಿಲ್ಲ.

ನಮ್ಮ ದೇಶದ ಜೊತೆ ಹೋಲಿಸ್ತೀರ ಅಂದ್ರೆ, ಇಲ್ಲೂ ತಡ ಆಗತ್ತೆ, ಈಗ ನೆಟ್ ಸ್ಕೋರ್ ಮೇಲೆ ಪಿಎಚ್‌ಡಿ ಅಂತ 2024ರಲ್ಲಿ ಯುಜಿಸಿ ಬದಲಾಯಿಸಿದ ಮೇಲೆ ಇನ್ನೂ ಗೊಂದಲ ಇದೆ. ಆದ್ರೆ ಕೊನೆಗೆ ಒಂದು ಪಟ್ಟಿ ಬರತ್ತೆ, ಇಂಟರ್‌ವ್ಯೂಗೆ ಯಾರು, ಆಯ್ಕೆ ಆದೋರು ಯಾರು ಅಂತ ನೋಡ್ಬಹುದು, ಪ್ರಶ್ನೆ ಮಾಡ್ಬಹುದು, ಆರ್‌ಟಿಐ ಹಾಕ್ಬಹುದು. ಅಲ್ಲಿ ನನ್ನ ಫೈಲ್ ಯಾರು ಓದಿದ್ರು, ಯಾಕೆ ಬೇಡ ಅಂದ್ರು ಅನ್ನೋದು ಕೇಳೋ ಹಾಗೇ ಇಲ್ಲ, ಫೀಡ್‌ಬ್ಯಾಕ್ ಕೊಡಲ್ಲ ಅಂತ ರಿಜೆಕ್ಷನ್ ಲೆಟರಲ್ಲೇ ಬರೆದಿರ್ತಾರೆ. ಇಂಗ್ಲೆಂಡ್‌ದು ಇನ್ನೊಂದು ಥರ, ಅಲ್ಲಿ ಅಡ್ಮಿಷನ್ ಬೇರೆ ದುಡ್ಡು ಬೇರೆ, ಸೀಟು ಸಿಕ್ಕಿದ ಮೇಲೆ ಸ್ಕಾಲರ್‌ಶಿಪ್‌ಗೆ ಮತ್ತೆ ಕಾಯ್ಬೇಕು, ಅದು ಸಿಗ್ಲಿಲ್ಲ ಅಂದ್ರೆ ಆ ಸೀಟಿಂದ ನಮ್ಮಂಥೋರಿಗೆ ಏನೂ ಉಪಯೋಗ ಇಲ್ಲ.

ಸ್ಕಾಲರ್‌ಶಿಪ್ ಅಂದಾಗ ಒಂದು ಹೇಳ್ಲೇಬೇಕು. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 125 ಸ್ಥಾನ, ಅದರಲ್ಲಿ 115 ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ, ಉಳಿದಿದ್ದು ಅಲೆಮಾರಿ ಸಮುದಾಯ, ಭೂಮಿ ಇಲ್ದಿರೋ ಕೂಲಿಕಾರರು ಮತ್ತೆ ಕುಶಲಕರ್ಮಿಗಳ ಮಕ್ಕಳಿಗೆ. 2022ರ ಫೆಬ್ರವರಿಯಲ್ಲಿ ಇದರ ರೂಲ್ ಬದಲಾಯಿಸಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಮೇಲಿನ ಅಧ್ಯಯನ ಇವಕ್ಕೆಲ್ಲಾ ಕೊಡಲ್ಲ ಅಂದ್ರು. ತಮ್ಮ ಊರಿನ ಜಾತಿ ಬಗ್ಗೆ, ತಮ್ಮ ಅಮ್ಮ ಮಾಡೋ ಕೆಲಸದ ಬಗ್ಗೆ ಓದ್ಬೇಕು ಅನ್ನೋ ಹುಡುಗ ಹುಡುಗಿಗೇ ಬಾಗಿಲು ಹಾಕಿದ ಹಾಗಾಯ್ತು, ನನ್ನ ಜೊತೆ ಎಂಎ ಓದಿದ ಒಬ್ಬ ಗೆಳೆಯ ಪೌರಕಾರ್ಮಿಕರ ಬಗ್ಗೆ ಇಟ್ಕೊಂಡಿದ್ದ ಪ್ರಪೋಸಲ್ ಪಕ್ಕಕ್ಕಿಟ್ಟ. ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಎಸ್‌ಸಿ ಎಸ್‌ಟಿ ವಿದ್ಯಾರ್ಥಿಗಳಿಗೆ ಇದೆ, ಅದನ್ನೂ ತಪ್ದೇ ನೋಡಿ.

ಇನ್ನೊಂದು ಕಹಿ ಸತ್ಯ, ಸೀಟುಗಳೇ ಕಡಿಮೆ ಆಗ್ತಿವೆ. 2020ರಲ್ಲಿ ಕೊರೋನಾ ಬಂದಾಗ ಪ್ರಿನ್ಸ್‌ಟನ್ ಸೋಷಿಯಾಲಜಿ ಒಂದು ವರ್ಷ ಹೊಸಬರನ್ನ ತಗೊಳಲ್ಲ, ಆ ದುಡ್ಡಲ್ಲಿ ಈಗಾಗ್ಲೇ ಇರೋ ಸ್ಟೂಡೆಂಟ್ಸ್‌ನ ನೋಡ್ಕೋತೀವಿ ಅಂತು. 2024ರ ಕೊನೆಯಲ್ಲಿ ಬಾಸ್ಟನ್ ಯೂನಿವರ್ಸಿಟಿ ಸೋಷಿಯಾಲಜಿ ಸೇರಿ ಹತ್ತು ಹನ್ನೆರಡು ಮಾನವಿಕ, ಸಮಾಜ ವಿಜ್ಞಾನ ಪಿಎಚ್‌ಡಿಗಳಿಗೆ ಮುಂದಿನ ವರ್ಷ ಅಡ್ಮಿಷನ್ ಇಲ್ಲ ಅಂತು, ಅದೇ ವರ್ಷ ಅಲ್ಲಿನ ಪಿಎಚ್‌ಡಿ ವಿದ್ಯಾರ್ಥಿ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಮಾಡಿ ಸ್ಟೈಪೆಂಡ್ ಜಾಸ್ತಿ ಮಾಡಿಸ್ಕೊಂಡಿದ್ರು. 2025ರ ಫೆಬ್ರವರಿಯಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಗ್ರಾಂಟ್ ಕಟ್ ಆಗೋ ಭಯಕ್ಕೆ ಪೆನ್ಸಿಲ್ವೇನಿಯಾ ಯೂನಿವರ್ಸಿಟಿ ಪಿಎಚ್‌ಡಿ ಸೀಟು ಕಡಿಮೆ ಮಾಡಿ ಅಂತ ಡಿಪಾರ್ಟ್‌ಮೆಂಟ್‌ಗಳಿಗೆ ಹೇಳ್ತು, ಅಷ್ಟೊತ್ತಿಗೆ ಎಲ್ಲರೂ ಫೀ ಕಟ್ಟಿ ಎರಡು ತಿಂಗಳಾಗಿತ್ತು. ಅದೇ ವರ್ಷ ಅಕ್ಟೋಬರಲ್ಲಿ ಹಾರ್ವರ್ಡ್ ಕೂಡ ಪಿಎಚ್‌ಡಿ ಸೀಟುಗಳನ್ನ ತುಂಬಾ ಇಳಿಸ್ತು. ಡೆಡ್‌ಲೈನ್ ಮುಂಚೆನೇ ಹೇಳಿದೋರನ್ನ ನಾನು ಬೈಯಲ್ಲ, ಬೇಜಾರಾದ್ರೂ ನಮ್ಮ ಒಂಬತ್ತು ಸಾವಿರ ಉಳೀತು. ಅರ್ಜಿ ಇಸ್ಕೊಂಡ ಮೇಲೆ ಸೀಟು ಇಳಿಸೋ ಕಡೆ ಫೀ ವಾಪಸ್ ಕೊಡ್ಬೇಕು.

ಈ ಇಡೀ ವ್ಯವಸ್ಥೆಯಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಏಪ್ರಿಲ್ 15, ಮೂರನೇ ಸ್ಟಾರ್ ಇದಕ್ಕೆ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅಂತ ಯೂನಿವರ್ಸಿಟಿಗಳ ಒಕ್ಕೂಟ ಇದೆ, ಅದರ ನಿರ್ಣಯಕ್ಕೆ ಸಹಿ ಹಾಕಿದ ಯಾವ ಯೂನಿವರ್ಸಿಟಿನೂ ಫಂಡಿಂಗ್ ಆಫರ್ ಕೊಟ್ಟು ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರ ಕೊಡಿ ಅಂತ ಒತ್ತಾಯ ಮಾಡೋ ಹಾಗಿಲ್ಲ. ವಿದ್ಯಾರ್ಥಿ ಕಡೆ ನಿಂತಿರೋ ರೂಲ್ ಇದೊಂದೇ ಅನ್ಸತ್ತೆ ನಂಗೆ. ಆದ್ರೆ ಎರಡು ಮೂರು ಆಫರ್ ಕೈಲಿ ಇರೋರು ಕೊನೆ ದಿನದವರೆಗೂ ಹಿಡ್ಕೊಂಡು ಕೂತ್ರೆ ವೇಟ್‌ಲಿಸ್ಟಲ್ಲಿ ಇರೋರ ಜೀವ ಹೋಗತ್ತೆ, ಹೋಗಲ್ಲ ಅಂತ ಗೊತ್ತಾದ ಕಡೆಗೆ ಆವತ್ತೇ ಬೇಡ ಅಂತ ಮೇಲ್ ಹಾಕಿ ದಯವಿಟ್ಟು. ನಂಗೆ ಸೀಟು ಸಿಕ್ಕಿದ್ದು ಹಾಗೇ, ಯಾರೋ ಒಬ್ರು ಏಪ್ರಿಲ್ ಎರಡನೇ ವಾರ ಬಿಟ್ಟುಕೊಟ್ಟಿದ್ದಕ್ಕೆ. ನಾನು ವೇಟ್‌ಲಿಸ್ಟಲ್ಲಿದ್ದ ಡಿಪಾರ್ಟ್‌ಮೆಂಟಿನ ಡೈರೆಕ್ಟರ್ ಮಾರ್ಚಲ್ಲೇ ಮೇಲ್ ಹಾಕಿ ನೀವು ಪಟ್ಟಿಯಲ್ಲಿ ಇದೀರ, ಈ ವರ್ಷ ಇಷ್ಟು ಸೀಟು, ಏಪ್ರಿಲ್ 15ರ ರಾತ್ರಿ ಒಳಗೆ ಹೌದು ಅಥವಾ ಇಲ್ಲ ಅಂತ ಹೇಳೇ ಹೇಳ್ತೀವಿ ಅಂತ ಬರೆದಿದ್ರು. ನಾಲ್ಕು ಸಾಲಿನ ಮೇಲ್ ಅದು, ಪ್ರಿನ್ಸಿಪಾಲ್ರಿಗೆ ತೋರಿಸಿ ಆ ತಾರೀಖಿನವರೆಗೂ ಟೈಮ್ ಕೇಳ್ದೆ, ಅವರು ಒಪ್ಕೊಂಡ್ರು. ಎಲ್ಲಾ ಡಿಪಾರ್ಟ್‌ಮೆಂಟೂ ಇಷ್ಟು ಮಾಡಿದ್ರೆ ನಾನು 5 ಸ್ಟಾರ್ ಕೊಡ್ತಿದ್ದೆ.

ಇನ್ನೊಂದು ಎಚ್ಚರಿಕೆ, ಪಿಎಚ್‌ಡಿಗೆ ಹಾಕಿದ್ರೆ ಕೆಲವು ಯೂನಿವರ್ಸಿಟಿಗಳು ಪಿಎಚ್‌ಡಿ ಇಲ್ಲ, ನಮ್ಮ ಮಾಸ್ಟರ್ಸ್‌ಗೆ ಬನ್ನಿ ಅಂತ ಲೆಟರ್ ಕಳಿಸ್ತಾರೆ. ಅದು 'ಅಭಿನಂದನೆಗಳು' ಅಂತಾನೇ ಶುರುವಾಗತ್ತೆ, ಮೂರು ತಿಂಗಳು ಕಾದು ಕಾದು ಸುಸ್ತಾಗಿರೋರಿಗೆ ಅದು ಗೆದ್ದ ಹಾಗೇ ಅನ್ಸತ್ತೆ, ಮನೆಯೋರು ಸ್ವೀಟ್ ಹಂಚೇಬಿಡ್ತಾರೆ. ಫೀ ನೋಡಿ, ಒಂದು ವರ್ಷಕ್ಕೆ ಹತ್ತಾರು ಲಕ್ಷ, ಅರ್ಧ ಸ್ಕಾಲರ್‌ಶಿಪ್ ಕೊಟ್ರೂ ಉಳಿದ ಅರ್ಧ ಸಾಲಾನೇ. ಸೋಷಿಯಾಲಜಿ ಮಾಸ್ಟರ್ಸ್ ಮಾಡಿ ಆ ಸಾಲ ತೀರ್ಸೋದು ತುಂಬಾ ಕಷ್ಟ, ಅದಕ್ಕೆ ಜಮೀನು ಅಡ ಇಡ್ಬೇಡಿ, ನೀವು ಈಗಾಗ್ಲೇ ಒಂದು ಎಂಎ ಮಾಡಿದೀರ.

ಈ ಸಲ ಹಾಕೋರು ಫೀ ಕಟ್ಟೋ ಮುಂಚೆ, ಅಂದ್ರೆ ಅಕ್ಟೋಬರ್ ನವೆಂಬರಲ್ಲೇ, ಆ ಡಿಪಾರ್ಟ್‌ಮೆಂಟಿನ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಮೇಲ್ ಹಾಕಿ ಕೇಳಿ: ಈ ವರ್ಷ ನಿಜವಾಗ್ಲೂ ಅಡ್ಮಿಷನ್ ಇದೆಯಾ, ಎಷ್ಟು ಜನ್ರನ್ನ ತಗೋತೀರ, ಬೇಡ ಅಂತ ಆದೋರಿಗೆ ಯಾವ ತಾರೀಖಿಗೆ ತಿಳಿಸ್ತೀರ, ಬೇಸಿಗೆ ಮೂರು ತಿಂಗಳು ಸ್ಟೈಪೆಂಡ್ ಇರತ್ತಾ. ಆ ಕೆಲಸದಲ್ಲಿ ಇರೋರು ಸಾಮಾನ್ಯವಾಗಿ ಒಳ್ಳೆ ಜನ, ಎರಡು ಮೂರು ದಿನದಲ್ಲಿ ಉತ್ತರ ಬರತ್ತೆ. ತಾರೀಖು ಹೇಳಿದ ಕಡೆಗೆ ಮೊದ್ಲು ಹಾಕಿ, ದುಡ್ಡು ಉಳಿದ್ರೆ ಮಿಕ್ಕಿದ್ದು ನೋಡಿ. ಗಾರ್ಮೆಂಟ್ಸ್, ಕೂಲಿ, ಹೆಣ್ಣುಮಕ್ಕಳ ಕೆಲಸ ಈ ಥರ ವಿಷಯ ಇಟ್ಕೊಂಡಿರೋರು ಎಸ್‌ಒಪಿ (ಏನು ಓದ್ಬೇಕು, ಯಾಕೆ ಅಂತ ಅರ್ಜಿ ಜೊತೆ ಬರೆಯೋ ಪ್ರಬಂಧ) ಕಳಿಸಿದ್ರೆ ಓದಿ ಹೇಳ್ತೀನಿ, ಕನ್ನಡದಲ್ಲಿ ಬರೆದು ಕಳಿಸಿದ್ರೂ ಪರ್ವಾಗಿಲ್ಲ, ನಾನೂ ಮೊದಲ ಡ್ರಾಫ್ಟ್ ಕನ್ನಡದಲ್ಲೇ ಬರೆದಿದ್ದು.